‘ವಾಕಿಂಗ್ ಮಾಡ್ತೀರಾ?’ ಎಂದು ಕೇಳಿದರೆ ‘ಇಲ್ಲ’ ಎನ್ನುವ ಮುನ್ನ ಇದನ್ನು ಓದಿ

ದಿನಕ್ಕೆ 10,000 ಹೆಜ್ಜೆ ವಾಕಿಂಗ್ ಮಾಡಲೇಬೇಕು ಎನ್ನುವ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಕಡೂರು ತಾಲ್ಲೂಕಿನ ಪಂಚನಹಳ್ಳಿಯಂಥ ಊರಿನಲ್ಲಿ ಇದನ್ನು ಓದಿದವರು ‘ನಾವೆಲ್ಲಿ ವಾಕಿಂಗ್ ಮಾಡ್ತೀವಿ’ ಎಂದು ನಕ್ಕು ಸುಮ್ಮನಾಗಬಹುದು. ಬೆಳಗ್ಗೆ ತೋಟ ಸುತ್ತಿ, ಮಧ್ಯಾಹ್ನ ದನ ಹೊಡೆದುಕೊಂಡು ಹೋಗಿ, ಸಂಜೆ ಅಂಗಡಿಗೆ ನಡೆದುಹೋದವರದೂ ಇದೇ ಮಾತು. ಡಾಕ್ಟರು ಕೇಳಿದಾಗಲೂ ‘ಇಲ್ಲ ಸಾರ್’ ಎಂದುಬಿಟ್ಟರೆ, ಅವರಿಗೆ ಸಿಗುವುದು ತಪ್ಪು ಮಾಹಿತಿ. ಹೀಗೇಕೆ ಆಗುತ್ತದೆ? ನೋಡೋಣ.

ಕನ್ನಡದಲ್ಲಿ ‘ವಾಕಿಂಗ್’ ಎಂದರೇನು?

ಇಂಗ್ಲಿಷಿನಲ್ಲಿ ‘ವಾಕ್’ ಎಂದರೆ ಬರೀ ನಡೆಯುವುದು. ಕನ್ನಡಕ್ಕೆ ಬಂದ ‘ವಾಕಿಂಗ್’ ಮಾತ್ರ ಬೇರೆ: ಶೂ ಹಾಕಿಕೊಂಡು, ಕೆಲಸವಿಲ್ಲದಿದ್ದರೂ ಆರೋಗ್ಯಕ್ಕಾಗಿ ನಡೆಯುವುದು. ಹೊಲಕ್ಕೆ ಹೋಗುವುದನ್ನು ನಾವು ಯಾರೂ ವಾಕಿಂಗ್ ಎನ್ನುವುದಿಲ್ಲ.

ನಮ್ಮದೇ ಪದಗಳು ಬೇಕಾದಷ್ಟಿವೆ. ತಿರುಗಾಡು, ಅಡ್ಡಾಡು, ಸುತ್ತಾಡು, ಅಲೆದಾಡು. ‘ಓಡಾಡು’ ಎನ್ನುವುದರಲ್ಲಿ ಓಟವೇ ಇಲ್ಲ. ವೇಗ ಹೇಳಲು ಬಿರಬಿರನೆ, ಸರಸರನೆ, ಮೆಲ್ಲಗೆ, ದಾಪುಗಾಲು ಹಾಕುತ್ತಾ ಎನ್ನುತ್ತೇವೆ. ಆದರೆ ಆರೋಗ್ಯದ ಮಾತು ಬಂದ ಕೂಡಲೇ ಇವೆಲ್ಲ ಮರೆತು ‘ವಾಕಿಂಗ್’ ಒಂದೇ ಉಳಿಯುತ್ತದೆ.

ಇಂಗ್ಲಿಷ್ ಆಡುವವರಲ್ಲೂ ಒಂದೇ ಪದವಿಲ್ಲ

ಬೆಟ್ಟ-ಕಾಡಿನ ನಡಿಗೆಗೆ ಅಮೆರಿಕದವರು ‘ಹೈಕಿಂಗ್’ ಎಂದರೆ, ಆಸ್ಟ್ರೇಲಿಯಾದವರು ‘ಬುಷ್‌ವಾಕಿಂಗ್’, ನ್ಯೂಜಿಲೆಂಡಿನವರು ‘ಟ್ರ್ಯಾಂಪಿಂಗ್’, ಸ್ಕಾಟ್ಲೆಂಡಿನವರು ‘ಹಿಲ್‌ವಾಕಿಂಗ್’ ಎನ್ನುತ್ತಾರೆ. ಅದೇ ‘ಟ್ರ್ಯಾಂಪ್’ ಅಮೆರಿಕದಲ್ಲಿ ಮನೆ-ಮಠವಿಲ್ಲದೆ ಅಲೆಯುವವನ ಹೆಸರು. ಮುಳ್ಳಯ್ಯನಗಿರಿಗೆ ಹೋಗುವ ನಮ್ಮ ಹುಡುಗರು ಹೇಳುವ ‘ಟ್ರೆಕ್ಕಿಂಗ್’ ಪದ ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ, ಎತ್ತಿನ ಗಾಡಿ ಕಟ್ಟಿಕೊಂಡು ದೂರ ಹೋಗುವುದಕ್ಕೆ. ಪದ ಊರಿಂದ ಊರಿಗೆ ಹೋದಂತೆ ಅರ್ಥವೂ ಬದಲಾಗುತ್ತದೆ. ‘ವಾಕಿಂಗ್’ಗೆ ಆಗಿರುವುದೂ ಅದೇ.

ಹಾಗಾದರೆ ಯಾವ ನಡಿಗೆ ಲೆಕ್ಕಕ್ಕೆ ಬರುತ್ತದೆ?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು. ಕೆಲಸ, ಮನೆಗೆಲಸ, ಓಡಾಟ ಎಲ್ಲವೂ ಇದರಲ್ಲಿ ಸೇರುತ್ತವೆ. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಇರಬೇಕೆಂಬ ಹಳೆಯ ನಿಯಮವನ್ನೂ ಕೈಬಿಡಲಾಗಿದೆ.

ಆದರೆ ಎಲ್ಲ ನಡಿಗೆಯೂ ಒಂದೇ ಅಲ್ಲ. ದನ ಮೇಯುವಾಗ ಹಿಂದೆ ಮೆಲ್ಲಗೆ ಅಡ್ಡಾಡುವುದು ಕುಳಿತಿರುವುದಕ್ಕಿಂತ ಒಳ್ಳೆಯದು, ಆದರೆ ಅದು ಮಧ್ಯಮ ಶ್ರಮವಲ್ಲ. ಬಸ್ ತಪ್ಪೀತೆಂದು ಬಿರಬಿರನೆ ನಡೆಯುತ್ತೇವಲ್ಲ, ಅದು ಮಧ್ಯಮ ಶ್ರಮ. ಪರೀಕ್ಷೆ ಸುಲಭ: ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು.

10,000 ಎಲ್ಲಿಂದ ಬಂತು?

1965ರಲ್ಲಿ ಜಪಾನಿನಲ್ಲಿ ‘ಮಾನ್ಪೊಕೆಯ್’ ಎಂಬ ಹೆಜ್ಜೆ ಎಣಿಸುವ ಸಾಧನ ಮಾರಾಟಕ್ಕೆ ಬಂತು. ಹೆಸರಿನ ಅರ್ಥ ‘ಹತ್ತು ಸಾವಿರ ಹೆಜ್ಜೆಯ ಮಾಪಕ’. ಸಂಖ್ಯೆ ಪ್ರಸಿದ್ಧವಾದದ್ದು ಹೀಗೆ, ವ್ಯಾಪಾರದಿಂದ. ಅಮೆರಿಕದಲ್ಲಿ 16,741 ವಯಸ್ಸಾದ ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹೆಜ್ಜೆ ಹಾಕುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಕಂಡುಬಂತು. ಸುಮಾರು 7,500ರ ನಂತರ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ನೆನಪಿಡಿ

ಮುಂದಿನ ಸಲ ಡಾಕ್ಟರು ಕೇಳಿದರೆ ‘ಹೌದು’, ‘ಇಲ್ಲ’ ಎನ್ನುವ ಬದಲು ಎಲ್ಲಿಗೆ, ಎಷ್ಟು ಹೊತ್ತು, ಎಷ್ಟು ಬೇಗ ನಡೆಯುತ್ತೀರಿ ಎಂದು ವಿವರವಾಗಿ ಹೇಳಿ. ನಡೆಯುವಾಗ ಎದೆ ಹಿಡಿದುಕೊಂಡರೆ, ತಲೆ ಸುತ್ತಿದರೆ ಅದನ್ನೂ ಮುಚ್ಚಿಡಬೇಡಿ. ಮನೆಯ ಹಿರಿಯರಿಗೆ 10,000 ಹೆಜ್ಜೆಯ ಸಂದೇಶ ಕಳಿಸುವ ಮೊದಲು, ‘ಇವತ್ತು ಎಲ್ಲೆಲ್ಲಿ ಓಡಾಡಿದ್ರಿ?’ ಎಂದು ಕೇಳಿ ನೋಡಿ.