ಕಂಬಕ್ಕೆ ಕಟ್ಟಿದ ಪೈಪು, ಊರಿಗೆ ಬರುವ ಹೊಸ ಸಂಸಾರ

ಕರೆಂಟು ಕಂಬಕ್ಕೆ ಕಟ್ಟಿದ ಬಿಳಿ ಪಿವಿಸಿ ಪೈಪು. ಫೋಟೋ ಮೊದಲ ಸಲ ನೋಡಿದಾಗ, ಎಂಜಿನಿಯರಿಂಗ್ ಓದಿದ ನನ್ನ ತಲೆಗೆ ಹೊಳೆದದ್ದು ಕೇಬಲ್‌ನವರ ಕೆಲಸ ಅಂತ. ಆದರೆ 2017ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮಾವಾ ಎಂಬ ಊರಿನಲ್ಲಿ ಈ ಪೈಪುಗಳ ಜಗಳ ಕೋರ್ಟು ಮೆಟ್ಟಿಲೇರಿತು.

ವಿಷಯ ಇಷ್ಟು. ಸಂಪ್ರದಾಯಸ್ಥ ಯಹೂದಿಗಳು ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಕಾರು ಓಡಿಸೋದಿಲ್ಲ. ಬೀದಿಯಲ್ಲಿ ಏನನ್ನೂ ಹೊತ್ತು ನಡೆಯೋದಿಲ್ಲ, ಕಂಕುಳ ಕೂಸನ್ನೂ ಸೇರಿಸಿ. ಕಂಬ, ತಂತಿಗಳಿಂದ ಬಡಾವಣೆಯ ಸುತ್ತ ಸಾಂಕೇತಿಕ ಎಲ್ಲೆ ಹಾಕಿದರೆ ಒಳಗಿನದೆಲ್ಲ ಒಂದೇ ಮನೆಯ ಲೆಕ್ಕ. ಇದಕ್ಕೆ 'ಏರುವ್' ಅಂತಾರೆ. ಅದು ಇಲ್ಲದ ಊರಲ್ಲಿ ಎಳೆ ಮಗುವಿರುವ ತಾಯಿ ಶನಿವಾರವಿಡೀ ಮನೆಯಲ್ಲೇ.

ಹಾಗಾಗಿ ಹೊಸ ದಂಪತಿ ಮನೆ ಕೊಳ್ಳುವಾಗ ಏರುವ್ ಇದೆಯಾ, ನಡೆದು ಹೋಗುವಷ್ಟು ದೂರದಲ್ಲಿ ಸಿನಗಾಗ್ ಇದೆಯಾ, ಮಕ್ಕಳಿಗೆ ಯಹೂದಿ ಶಾಲೆ ಇದೆಯಾ ಅಂತ ನೋಡುತ್ತಾರೆ. ಸಮುದಾಯಕ್ಕೂ ಅವರು ಬೇಕು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಸೇರಲೇಬೇಕು. ಸಣ್ಣ ಊರಿನ ಶಾಲೆಗೆ ಮೂರು ಮಕ್ಕಳ ಒಂದು ಸಂಸಾರ ಬಂದರೂ ಜೀವ ಬಂದಂತೆ. ಬಂದವರನ್ನು ಶನಿವಾರದ ಊಟಕ್ಕೆ ಕರೆಯುತ್ತಾರೆ, ಹೆರಿಗೆಯಾದರೆ ಸರದಿಯಂತೆ ಅಡುಗೆ ಕಳಿಸುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲದ ನನಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯವೇ.

ಆದರೆ ಸ್ವಾಗತ ಫಲಿಸಿದರೆ ಊರು ಬದಲಾಗುತ್ತದೆ. ನ್ಯೂಜೆರ್ಸಿಯ ಲೇಕ್‌ವುಡ್‌ನಲ್ಲಿ 1943ರಲ್ಲಿ ಒಂದು ಧಾರ್ಮಿಕ ವಿದ್ಯಾಲಯ ಶುರುವಾಯಿತು. ಅದರ ಸುತ್ತ ಬೆಳೆದ ಊರಿನ ಜನಸಂಖ್ಯೆ 2000ರಲ್ಲಿ ಸುಮಾರು 60 ಸಾವಿರ, 2020ರಲ್ಲಿ 1 ಲಕ್ಷ 35 ಸಾವಿರ. ಪಕ್ಕದ ಜಾಕ್ಸನ್ ಊರಿಗೆ ದಿಗಿಲು ಹತ್ತಿತು. ಶಾಲಾ ಹಾಸ್ಟೆಲ್‌ಗಳನ್ನೇ ನಿಷೇಧಿಸುವ ನಿಯಮ 2017ರಲ್ಲಿ ಬಂತು, 2020ರಲ್ಲಿ ಕೇಂದ್ರದ ನ್ಯಾಯ ಇಲಾಖೆ ಕೇಸು ಹಾಕಿತು, 2022ರಲ್ಲಿ ರಾಜಿಯಾಯಿತು. ಮಾವಾದಲ್ಲಿ ಪುರಸಭೆ ಹಿಡಿದದ್ದು ಕಂಬಕ್ಕೆ ಬೋರ್ಡು ಕಟ್ಟಬಾರದೆಂಬ ನಿಯಮವನ್ನು. ಹೊರರಾಜ್ಯದವರು ಪಾರ್ಕಿಗೆ ಬರಬಾರದು ಅಂತಲೂ ಮಾಡಿತು. ರಾಜ್ಯ ಸರ್ಕಾರವೇ ಕೋರ್ಟಿಗೆ ಹೋದ ಮೇಲೆ 2018ರಲ್ಲಿ ಮೆತ್ತಗಾಯಿತು. ನಿಯಮಗಳಲ್ಲಿ ಯಹೂದಿ ಎಂಬ ಪದ ಹುಡುಕಬೇಡಿ. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕುವಾಗ "ಊಟ ಏನು ಮಾಡ್ತೀರಿ?" ಅಂತ ಕೇಳಿಸಿಕೊಂಡವರಿಗೆ ಈ ಜಾಣತನ ಅರ್ಥವಾಗುತ್ತದೆ.

ಹಾಗಂತ ಊರಿನವರ ಭಯವೆಲ್ಲ ಬರೀ ದ್ವೇಷ ಅಂತ ತಳ್ಳಿಹಾಕೋದೂ ಸೋಮಾರಿತನ. ಮಾವಾದ ಗಡಿಗೆ ಅಂಟಿಕೊಂಡೇ ನ್ಯೂಯಾರ್ಕಿನ ರಾಕ್‌ಲ್ಯಾಂಡ್ ಕೌಂಟಿ ಇದೆ. ಅಲ್ಲಿನ ಈಸ್ಟ್ ರಮಾಪೊ ಶಾಲಾ ಮಂಡಳಿಯಲ್ಲಿ ಸಂಪ್ರದಾಯಸ್ಥ ಯಹೂದಿಗಳದ್ದೇ ಬಹುಮತವಾಯಿತು. ಅವರ ಮಕ್ಕಳು ಓದೋದು ಖಾಸಗಿ ಧಾರ್ಮಿಕ ಶಾಲೆಗಳಲ್ಲಿ. ಸರ್ಕಾರಿ ಶಾಲೆಯಲ್ಲಿರುವವರು ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನೋ ಮಕ್ಕಳು. ಕತ್ತರಿ ಬಿದ್ದದ್ದು ಅವರ ಶಿಕ್ಷಕರ ಹುದ್ದೆಗಳಿಗೆ. ದೇಶದಲ್ಲಿ ಅಲ್ಪಸಂಖ್ಯಾತರಾದವರು ಒಂದು ಊರಲ್ಲಿ ಬಹುಸಂಖ್ಯಾತರಾಗಬಹುದು. ಆಗ ಅವರನ್ನೂ ಅಧಿಕಾರಸ್ಥರನ್ನು ಕೇಳುವ ಪ್ರಶ್ನೆಯನ್ನೇ ಕೇಳಬೇಕು ಎಂಬುದು ನನ್ನ ನಿಲುವು.

ಕೇಳಿದವರೂ ಇದ್ದರು. ಸ್ಥಳೀಯ ಎನ್‌ಎಎಸಿಪಿ ಶಾಖೆ ಕೋರ್ಟಿಗೆ ಹೋಯಿತು. ಇಡೀ ಜಿಲ್ಲೆ ಒಟ್ಟಾಗಿ ಎಲ್ಲ ಸದಸ್ಯರನ್ನೂ ಆರಿಸುವ ಪದ್ಧತಿ ಮತದಾನದ ಹಕ್ಕಿಗೆ ಧಕ್ಕೆ ಅಂತ 2020ರಲ್ಲಿ ತೀರ್ಪು ಬಂತು. ಈಗ ನಮ್ಮ ಕಾರ್ಪೊರೇಷನ್ನಿನ ಹಾಗೆ ವಾರ್ಡುವಾರು ಚುನಾವಣೆ. ಯಾರ ಮನೆಯ ಮುಂದಿನ ಪೈಪನ್ನೂ ಕೀಳಬೇಕಾಗಲಿಲ್ಲ. ಶಾಲಾ ಬಜೆಟ್ ಮಾತ್ರ ಇವತ್ತಿಗೂ ಇಡೀ ಜಿಲ್ಲೆಯ ಮತಕ್ಕೇ ಹೋಗುತ್ತದೆ.