ಪತ್ತೇದಾರಿ ಕಾದಂಬರಿಯಲ್ಲಿ ಸೈತಾನನಿಗೆ ಎಡೆಯಿಲ್ಲವೇ?

ಪತ್ತೇದಾರಿ ಕಥೆಯೊಳಗೆ ದೆವ್ವ ಕಾಲಿಟ್ಟರೆ ಅದು ಓದುಗನಿಗೆ ಬಗೆದ ಮೋಸವೆಂದು ಹಳೆಯ ಶಿಷ್ಯರೊಬ್ಬರು ಮೊನ್ನೆ ಮನೆಗೆ ಬಂದಾಗ ಬಲವಾಗಿ ವಾದಿಸಿದರು. ವಾದ ಹೊಸದಲ್ಲ. 1929ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಇಂಥ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ವಿಧಿಸಿ, ಎರಡನೆಯದರಲ್ಲೇ ಅತಿಮಾನುಷ ಶಕ್ತಿಗಳನ್ನು ಹೊರಗಟ್ಟಿದರು. ಆತ ಕ್ಯಾಥೊಲಿಕ್ ಪಾದ್ರಿಯೆಂಬುದು ಸ್ವಾರಸ್ಯ!

ಈ ಕಟ್ಟಳೆಯನ್ನು ನಾನು ಒಪ್ಪಲಾರೆ. ಅಮೆರಿಕದ ವಿಲಿಯಂ ಯೋರ್ಟ್ಸ್‌ಬರ್ಗ್ 1978ರಲ್ಲಿ ಪ್ರಕಟಿಸಿದ 'ಫಾಲಿಂಗ್ ಏಂಜೆಲ್' ಕಾದಂಬರಿಯೇ ನನ್ನ ಸಾಕ್ಷಿ. ಅದರ ಗುಟ್ಟನ್ನು ಬಿಡಿಸದೆ ವಾದ ಮುಂದುವರಿಯದು. ಓದಬೇಕೆಂದಿರುವವರು ಇಲ್ಲಿಯೇ ನಿಲ್ಲಿಸಬಹುದು.

ಕಥೆ ನಡೆಯುವುದು 1959ರ ನ್ಯೂಯಾರ್ಕಿನಲ್ಲಿ. ಲೂಯಿ ಸೈಫರ್ ಎಂಬ ಸಿರಿವಂತ, ಕಾಣೆಯಾದ ಗಾಯಕ ಜಾನಿ ಫೇವರಿಟ್‌ನನ್ನು ಹುಡುಕಲು ಹ್ಯಾರಿ ಏಂಜೆಲ್ ಎಂಬ ಖಾಸಗಿ ಪತ್ತೇದಾರನನ್ನು ನೇಮಿಸುತ್ತಾನೆ. ಸುಳಿವು ಕೊಡಬಲ್ಲವರು ಒಬ್ಬೊಬ್ಬರಾಗಿ ಕೊಲೆಯಾಗುತ್ತಾರೆ; ಜ್ಯೋತಿಷ ಹೇಳುವ ಹೆಂಗಸೊಬ್ಬಳ ಎದೆ ಸೀಳಿ ಹೃದಯವನ್ನೇ ತೆಗೆಯಲಾಗಿರುತ್ತದೆ. ಇಂಥ ವರ್ಣನೆ ಒಂದೆರಡು ಕಡೆ ಮಿತಿಮೀರಿದೆ, ಅದನ್ನು ಸಮರ್ಥಿಸಲಾರೆ. ಆದರೆ ಮೋಸವೆಲ್ಲಿ? ಸಿರಿವಂತನ ಹೆಸರನ್ನು ಒಂದೇ ಉಸಿರಿನಲ್ಲಿ ಉಚ್ಚರಿಸಿದರೆ 'ಲೂಸಿಫರ್' ಎಂದು ಕೇಳಿಸುತ್ತದೆ. ಮೊದಲ ಸುಳಿವನ್ನೇ ಲೇಖಕ ನಮ್ಮ ಕೈಗಿತ್ತಿದ್ದಾನೆ.

ಕೊನೆಗೆ ತಿಳಿಯುವುದೇನು? ಹುಡುಕುವವನೂ ಕಾಣೆಯಾದವನೂ ಒಬ್ಬನೇ. ಸೈತಾನನಿಗೆ ಆತ್ಮವನ್ನು ಮಾರಿದ್ದ ಗಾಯಕ, ಋಣ ತಪ್ಪಿಸಿಕೊಳ್ಳಲೆಂದು ಎಳೆಯ ಸೈನಿಕನೊಬ್ಬನನ್ನು ಬಲಿಕೊಟ್ಟು ಅವನ ಹೆಸರಿನಲ್ಲಿ ಅಡಗಿದ್ದ. ಅದನ್ನು ತಾನೇ ಮರೆತಿದ್ದ. ಸೈತಾನ ಬಂದದ್ದು ಸಾಲ ವಸೂಲಿಗೆ. ಬಲಿಯ ಪಾಪ ಮಾತ್ರ ಮನುಷ್ಯನದೇ. ದೆವ್ವವನ್ನು ತಂದು ಲೇಖಕ ಅಪರಾಧಿಯನ್ನು ಪಾರುಮಾಡಿಲ್ಲ, ಹಿಡಿದುಕೊಟ್ಟಿದ್ದಾನೆ.

ಸಾಫೊಕ್ಲೀಸನ ಈಡಿಪಸ್ ರಾಜನೂ ಹಂತಕನನ್ನು ಹುಡುಕುತ್ತ ಹೊರಟು ತನ್ನನ್ನೇ ಕಂಡುಕೊಂಡವನು. ಅಲ್ಲಿ ಅಪೊಲೊ ದೇವರ ಭವಿಷ್ಯವಾಣಿಯಿದೆಯೆಂದು ಯಾರೂ ಆಕ್ಷೇಪಿಸುವುದಿಲ್ಲ. ದೇವರಿಗೆ ಬಾಗಿಲು ತೆರೆದವರು ಸೈತಾನನಿಗೇಕೆ ಮುಚ್ಚಬೇಕು?

ನಾನು ಖಂಡಿಸುವುದು ಬೇರೆ ಬಗೆಯ ಬರಹವನ್ನು: ಎಲ್ಲ ಕೊಲೆಗಳನ್ನೂ ಪಿಶಾಚಿಯ ತಲೆಗೆ ಕಟ್ಟಿ, ಮನುಷ್ಯರೆಲ್ಲ ಕೈತೊಳೆದುಕೊಳ್ಳುವ ಕಥೆಗಳನ್ನು. ತರಗತಿಯ ಕಿಟಕಿಯ ಗಾಜು ಒಡೆದವರಾರೆಂದು ಕೇಳಿದಾಗ ನೀವೆಲ್ಲ ಪಕ್ಕದವನತ್ತ ಬೆರಳು ತೋರಿಸುತ್ತಿದ್ದಿರಿ, ನೆನಪಿದೆಯೇ? ಆ ಬೆರಳನ್ನು ನಮ್ಮತ್ತಲೇ ತಿರುಗಿಸುವ ಕಾದಂಬರಿಯಲ್ಲಿ ದೆವ್ವವಿದ್ದರೂ ಸರಿಯೇ, ನನಗದು ಪ್ರಾಮಾಣಿಕ ಕೃತಿ.