ಫ್ಲೆಚರ್‌ಗೆ ಅಂಟಿದ ಪದ ನಮ್ಮಜ್ಜನಿಗೂ ಅಂಟಿತ್ತು

ಈ ವಾರ ರಾತ್ರಿಯೆಲ್ಲ ಕೂತು ಹಳೇ ಬ್ರಿಟಿಷ್ ಕಾಮಿಡಿ ಸೀರಿಯಲ್ ಒಂದನ್ನ ನೋಡ್ದೆ. ಹೆಸರು ‘ಪಾರಿಜ್’. 1974ರಿಂದ 1977ರವರೆಗೆ ಬಿಬಿಸಿಯಲ್ಲಿ ಬಂದದ್ದು. ಪಾರಿಜ್ ಅಂದ್ರೆ ಗಂಜಿ. ನಾವು ‘ಜೈಲಲ್ಲಿ ಮುದ್ದೆ ಮುರೀತಿದಾನೆ’ ಅಂತೀವಲ್ಲ, ಅಲ್ಲಿಯವರು ಗಂಜಿ ಅಂತಾರೆ, ಅಷ್ಟೇ ವ್ಯತ್ಯಾಸ.

ಕಥೆ ಸ್ಲೇಡ್ ಅನ್ನೋ ಕಾಲ್ಪನಿಕ ಜೈಲಿನದು. ರಾನಿ ಬಾರ್ಕರ್ ಮಾಡಿದ ಫ್ಲೆಚರ್ ಹಳೇ ಕಳ್ಳ. ಅವನ ಸೆಲ್‌ನಲ್ಲಿ ಗಾಡ್ಬರ್ ಅನ್ನೋ ಹುಡುಗ, ಮೊದಲ ಸಲ ಜೈಲಿಗೆ ಬಂದವನು. ಒಂದು ಕಂತು ಪೂರ್ತಿ ರಾತ್ರಿ ಹೊತ್ತು ಆ ಸೆಲ್ ಒಳಗೇ ನಡೆಯುತ್ತೆ. ಕಂಗಾಲಾದ ಹುಡುಗನಿಗೆ ಮುದುಕ ಮಾತಾಡ್ತಾ ಮಾತಾಡ್ತಾ ಧೈರ್ಯ ತುಂಬ್ತಾನೆ. ವಾರ್ಡರ್‌ಗಳ ಎದುರು ದಿನಕ್ಕೊಂದು ಸಣ್ಣ ಗೆಲುವು ಸಾಕು ಅನ್ನೋದು ಅವನ ನೀತಿ. ನಕ್ಕೆ, ಕಣ್ಣೂ ಒದ್ದೆಯಾಯ್ತು.

ಆದ್ರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ಶುರುವಿನ ದೃಶ್ಯ. ನ್ಯಾಯಾಧೀಶರ ದನಿ ಫ್ಲೆಚರ್‌ನನ್ನ ‘ರೂಢಿಗತ ಅಪರಾಧಿ’ ಅಂತ ಕರೆದು ಐದು ವರ್ಷ ಶಿಕ್ಷೆ ಕೊಡುತ್ತೆ. ಆ ಪದ ಕೇಳಿದ ತಕ್ಷಣ ನನ್ನ ನಗು ನಿಂತಿತು.

ನಾನು ಕೊರಚರ ಮನೆಯವನು. 1871ರಲ್ಲಿ ಇದೇ ಬ್ರಿಟಿಷರು ಅಪರಾಧಿ ಬುಡಕಟ್ಟು ಕಾಯ್ದೆ ತಂದ್ರು, ಮುಂದೆ ನಮ್ಮ ಕಡೆಗೂ ವಿಸ್ತರಿಸಿದ್ರು. ಫ್ಲೆಚರ್ ಅಪರಾಧಿ ಅನಿಸಿಕೊಂಡಿದ್ದು ಕಳ್ಳತನ ಮಾಡಿ. ನಮ್ಮಜ್ಜ ಅನಿಸಿಕೊಂಡಿದ್ದು ಹುಟ್ಟಿ. ಹುಬ್ಬಳ್ಳಿಯಲ್ಲಿ ಇವತ್ತಿಗೂ ‘ಸೆಟ್ಲ್‌ಮೆಂಟ್’ ಅನ್ನೋ ಜಾಗ ಇದೆ. ಆ ಹೆಸರು ಸುಮ್ನೆ ಬಂದದ್ದಲ್ಲ, ನಮ್ಮಂಥವರನ್ನ ಕೂಡಿಹಾಕಿ ಹಾಜರಿ ಹಾಕಿಸುತ್ತಿದ್ದ ಕಾಲದ ಹೆಸರು. 1952ರಲ್ಲಿ ಕಾಯ್ದೆ ರದ್ದಾಯ್ತು, ಪದ ರದ್ದಾಗಲಿಲ್ಲ. ರಾಜ್ಯಗಳು ರೂಢಿಗತ ಅಪರಾಧಿ ಕಾಯ್ದೆ ಮಾಡಿಕೊಂಡವು. ಕರ್ನಾಟಕದ್ದು 1961ರದ್ದು.

ಇನ್ನೊಂದು ಮಾತು. ಗಾಡ್ಬರ್‌ಗೆ ಜೈಲಿನ ಅಡುಗೆಮನೆಯಲ್ಲಿ ಕೆಲಸ. ಅವನ ಕುಲ ಯಾರೂ ಕೇಳಲ್ಲ. ನಮ್ಮ ದೇಶದ ಹಲವು ಜೈಲು ಕೈಪಿಡಿಗಳಲ್ಲಿ ಅಡುಗೆಗೆ ಮೇಲ್ಜಾತಿ, ಕಸ ಬಳಿಯೋಕೆ ನಮ್ಮವರು ಅನ್ನೋ ಅರ್ಥದ ನಿಯಮಗಳೇ ಇದ್ದವು. ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ಕೇಸಲ್ಲಿ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ಅವನ್ನ ಅಸಾಂವಿಧಾನಿಕ ಅಂತ ಹೊಡೆದುಹಾಕಿತು. ಕೈದಿಗಳ ರಿಜಿಸ್ಟರಿನ ಜಾತಿ ಕಾಲಂ ತೆಗೀರಿ ಅಂತು. ರೂಢಿಗತ ಅಪರಾಧಿ ಅನ್ನೋ ಹೆಸರಲ್ಲಿ ವಿಮುಕ್ತ ಬುಡಕಟ್ಟುಗಳನ್ನ ಗುರಿ ಮಾಡೋದನ್ನೂ ಪ್ರಶ್ನಿಸಿತು.

ಹಾಗಂತ ಪಾರಿಜ್ ಪರಿಶುದ್ಧ ಅಂತ ಹೇಳ್ತಿಲ್ಲ. ಮೆಕ್‌ಲಾರೆನ್ ಅನ್ನೋ ಕಪ್ಪು ಸ್ಕಾಟಿಷ್ ಕೈದಿಯ ಬಣ್ಣದ ಮೇಲಿನ ಜೋಕುಗಳು ಇವತ್ತು ಗಂಟಲಲ್ಲಿ ಇಳಿಯಲ್ಲ. ಆದ್ರೂ ಅದು ಮಾಡಿದ ಒಂದು ಕೆಲಸ ದೊಡ್ಡದು. ನ್ಯಾಯಾಧೀಶ ಒಂದು ಪದದಲ್ಲಿ ಮುಗಿಸಿದ ಮನುಷ್ಯನಿಗೆ ಅರ್ಧ ಗಂಟೆ ಮಾತಾಡೋಕೆ ಬಿಡುತ್ತೆ. ಅವನು ಹಣೆಪಟ್ಟಿಗಿಂತ ದೊಡ್ಡವನು ಅಂತ ನಮಗೆ ಗೊತ್ತಾಗುತ್ತೆ.

ನಮ್ಮಜ್ಜನಿಗೆ ಆ ಅರ್ಧ ಗಂಟೆ ಯಾರೂ ಕೊಡಲಿಲ್ಲ. ಹಾಜರಿ ಕೂಗಿದಾಗ ‘ಹಾಜರ್’ ಅನ್ನೋದಷ್ಟೇ ಅವನ ಪಾಲಿನ ಡೈಲಾಗು. ಅದಕ್ಕೇ ಹೇಳ್ತೀನಿ, ಕೋರ್ಟ್ ತೀರ್ಪು ಬಂತು ಅಂತ ಸುಮ್ಮನೆ ಕೂರೋದು ಬೇಡ. 1961ರ ಆ ಕಾಯ್ದೆ ಯಾಕಿನ್ನೂ ಬೇಕು ಅಂತ ಸರ್ಕಾರವನ್ನ ಕೇಳೋಣ. ಕೇಳ್ತಾನೇ ಇರೋಣ.

ಜೈ ಭೀಮ್.